ಸೋಪಿನ ಜೊತೆ ಹೋದ ಮಾತುಗಳು

“ಆ ಮಾಟಗಾತಿ ಸವಿಲ್ಲಾ ಮನೆ ಮೆಟ್ಟಿಲು ಹತ್ತಬೇಡಮ್ಮ. ಅವಳು ಹೊಸದಾಗಿ ಏನನ್ನೂ ಮಾಡಿಕೊಡಲ್ಲ. ಒಬ್ಬರದ್ದು ಕಿತ್ತು ಇನ್ನೊಬ್ಬರಿಗೆ ಕೊಡ್ತಾಳೆ, ಅಷ್ಟೆ,” ಎಂದ ಪಕ್ಕದ ಹೊಲದ ಮುದುಕ ಇರ್ವಿನ್, ಬೇಲಿಯಾಚೆ ನಿಂತು.

“ಹಾಗಾದ್ರೆ ಆ ವರ್ಮಾಂಟ್‌ನ ಸೋಪಿನವಳದ್ದೇ ಕಿತ್ತು ಕೊಡಲಿ ಬಿಡಿ,” ಎಂದು ನಡೀನ್ ನಕ್ಕಳು.

ಫಿಲಡೆಲ್ಫಿಯಾದಲ್ಲಿ ಬೆಳೆದವಳು. ವೆಂಡೆಲ್‌ನನ್ನು ಮದುವೆಯಾಗಿ ಈ ಗುಡ್ಡಗಳ ನಡುವೆ ಬಂದು ಏಳು ವರ್ಷವಾದರೂ ಊರಿಗೆ ಹೊಸಬಳೇ. ಕೊಟ್ಟಿಗೆಯ ಗೋಡೆಗೆ ನಕ್ಷತ್ರ ಬರೆದು ಕೆಡುಕನ್ನು ದೂರವಿಡುವ ಇಲ್ಲಿನವರ ನಂಬಿಕೆ ಅವಳಿಗೆ ತಮಾಷೆ. ಅಡುಗೆಮನೆಯಲ್ಲಿ ಮೇಕೆ ಹಾಲಿನ ಸೋಪು ಮಾಡಿ ಆನ್‌ಲೈನಿನಲ್ಲಿ ಮಾರುತ್ತಿದ್ದಳು. ಆದರೆ ಯಾರು ಹುಡುಕಿದರೂ ಮೊದಲು ಕಾಣುತ್ತಿದ್ದುದು ವರ್ಮಾಂಟ್‌ನವಳ ಅಂಗಡಿ. ಗಿರಾಕಿಗಳು ಅಲ್ಲಿ ಹೊಗಳುತ್ತಿದ್ದುದು ಸೋಪನ್ನಲ್ಲ, ಪ್ರತಿ ಪೊಟ್ಟಣದೊಳಗೆ ಅವಳು ಕೈಯಾರೆ ಬರೆದಿಡುವ ಚೀಟಿಯನ್ನು. ನಡೀನ್ ಬರೆಯಲು ಕೂತರೆ ‘ಧನ್ಯವಾದ, ಮತ್ತೆ ಬನ್ನಿ’ ಎಂಬುದರಾಚೆ ಒಂದಕ್ಷರ ಹೊರಡುತ್ತಿರಲಿಲ್ಲ.

ಹೊರಗೆ ಮಧ್ಯಾಹ್ನದ ಬಿಸಿಲು. ಸವಿಲ್ಲಾಳ ನೆಲಮಾಳಿಗೆಯಲ್ಲಿ ಮಾತ್ರ ಬಾವಿಯ ತಳದಂಥ ಕತ್ತಲು. ಹುಳಿ ವಿನಿಗರ್, ಕಮಟು ಕೊಬ್ಬು, ಒದ್ದೆ ಮಣ್ಣಿನ ವಾಸನೆ. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಮುದುಕಿಯ ಮುಖ ಕಾಣಲಿಲ್ಲ.

“ಏನು ಬೇಕು?”

“ಓದಿದವರ ಎದೆಗೆ ನಾಟೋ ಮಾತು.”

“ನಿನ್ನ ಮನೇಲಿ ಮಾತುಗಾರ ಯಾರು?”

“ನನ್ನ ಗಂಡ. ದನದ ಹರಾಜು ಕೂಗ್ತಾನೆ. ಬಾಯಿಗೆ ಬೀಗವೇ ಇಲ್ಲ.”

“ಅವನಿಂದ ತಗೋತೀನಿ. ಆಗಬಹುದಾ?”

“ಧಾರಾಳವಾಗಿ. ಮನೆ ಸ್ವಲ್ಪ ತಣ್ಣಗಿರುತ್ತೆ.”

ತಣ್ಣನೆಯ ಬೆರಳುಗಳು ಅವಳ ಪೆನ್ನಿಗೆ ಕರಿ ದಾರ ಸುತ್ತಿ ಗಂಟು ಹಾಕಿದವು.

ಅಂದಿನಿಂದ ಪೆನ್ನು ನಿಲ್ಲಲೇ ಇಲ್ಲ. ಚೀಟಿ ಓದಿ ಅತ್ತೆವೆಂದು ದೂರದೂರದವರು ಬರೆದರು. ವಸಂತದ ಹೊತ್ತಿಗೆ ವರ್ಮಾಂಟ್‌ನ ಅಂಗಡಿ ಕೆಳಗೆ ಬಿತ್ತು, ನಡೀನ್‌ಳದು ಮೇಲೇರಿತು.

ವೆಂಡೆಲ್‌ಗೆ ಮೊದಲು ‘ಚಮಚ’ ಮರೆತುಹೋಯಿತು. “ಅದು... ಅದು ಕೊಡು,” ಎಂದು ಬೆರಳು ತೋರಿಸಿದ. ಆಮೇಲೆ ‘ಮಳೆ’ ಹೋಯಿತು. ಹರಾಜು ಕಟ್ಟೆಯ ಮೇಲೆ ಎದುರಿಗೆ ಕರು ನಿಂತಿದ್ದರೂ ‘ಕರು’ ಎಂಬ ಮಾತು ಬರದೆ ಬಾಯಿ ತೆರೆದು ನಿಂತ. ಜನ ಮೊದಲು ನಕ್ಕರು, ಆಮೇಲೆ ಒಬ್ಬೊಬ್ಬರಾಗಿ ಎದ್ದು ಹೋದರು. ಡಾಕ್ಟರು ತಲೆಯ ಸ್ಕ್ಯಾನ್ ಮಾಡಿಸಿ ಏನೂ ಇಲ್ಲವೆಂದರು. ದಣಿವು ಎಂದು ನಡೀನ್ ತನ್ನನ್ನು ತಾನೇ ನಂಬಿಸಿಕೊಂಡಳು.

ಒಂದು ಬೆಳಿಗ್ಗೆ ಐದು ವರ್ಷದ ಮಗಳು ಐರಿಸ್ ಮೆಟ್ಟಿಲಿಳಿದು ಬಂದಳು. ಹುಟ್ಟಿದಾಗಿನಿಂದ ಅಪ್ಪ ಅವಳನ್ನು ಹೆಸರು ಹಿಡಿದು ಕರೆದವನಲ್ಲ. ‘ಗುಬ್ಬಚ್ಚಿ, ಹಾರಿ ಬಾ’ ಎನ್ನುತ್ತಿದ್ದ, ಅವಳು ಕೊನೆಯ ಮೆಟ್ಟಿಲಿನಿಂದ ಅವನ ತೋಳಿಗೆ ಹಾರುತ್ತಿದ್ದಳು. ಇಂದು ಅವಳು ಕೈ ಚಾಚಿ ನಿಂತಳು. ಅವನ ಬಾಯಿ ತೆರೆಯಿತು. ಮುಚ್ಚಿತು. ಹಣೆಯಲ್ಲಿ ಬೆವರು. ಕಣ್ಣು ಗೋಡೆಯಿಂದ ಗೋಡೆಗೆ ಹುಡುಕಾಡಿತು.

“ಅಪ್ಪಾ, ಕರಿ.”

ನಡೀನ್‌ಗೆ ನೆನಪಾಯಿತು. ನಿನ್ನೆ ಅಂಚೆಗೆ ಹಾಕಿದ ಚೀಟಿ. ತನ್ನದೇ ಕೈಬರಹ. ‘ಗುಬ್ಬಚ್ಚಿ, ಹಾರಿ ಬಾ.’

ಓಡಿದಳು. ಕೆಸರು. ಕಲ್ಲು. ಕಾಲಿನ ಚಪ್ಪಲಿ ಎಲ್ಲೋ ಹೋಯಿತು. ಮತ್ತೆ ಆ ಕತ್ತಲು. ಆ ಕಮಟು.

“ತಿರುಗಿ ಕೊಡಿ. ಎಲ್ಲಾ ತಿರುಗಿ ಕೊಡಿ.”

“ನನ್ನ ಹತ್ರ ಎಲ್ಲಿದೆ? ಚೀಟಿ ಜೊತೆ ನೀನೇ ಕಳಿಸಿಬಿಟ್ಟೆ. ಚೀಟಿ ವಾಪಸ್ ಬಂದ್ರೆ ಮಾತೂ ಬರುತ್ತೆ.”

ನಡೀನ್ ಅಂಗಡಿ ಮುಚ್ಚಿದಳು. ಚೀಟಿ ಪಡೆದ ಪ್ರತಿ ಗಿರಾಕಿಗೂ ಅಂಗಲಾಚಿ ಬರೆದಳು. ಹುಚ್ಚು ಎಂದವರುಂಟು, ಆದರೂ ಲಕೋಟೆಗಳು ಬರತೊಡಗಿದವು. ಅವಳು ಒಂದನ್ನು ಹರಿದರೆ ಪಕ್ಕದ ಕೋಣೆಯಲ್ಲಿ ವೆಂಡೆಲ್ ಎಂದೋ ಕಳೆದ ಮಾತೊಂದನ್ನು ಆಡುತ್ತಿದ್ದ. “ಮಳೆ.” “ಚಮಚ.” “ಕರು.” ಮೊದಲ ಹಿಮ ಬೀಳುವಷ್ಟರಲ್ಲಿ ಅವನು ಮತ್ತೆ ಹರಾಜು ಕಟ್ಟೆ ಹತ್ತಿದ್ದ. ‘ಗುಬ್ಬಚ್ಚಿ’ಯ ಚೀಟಿಯೊಂದು ಮಾತ್ರ ಬಂದಿರಲಿಲ್ಲ.

ಅದರ ಬದಲು ಒಹಾಯೊದಿಂದ ಒಬ್ಬ ತಾಯಿಯ ಪತ್ರ ಬಂತು.

‘ತಡವಾಗಿದ್ದಕ್ಕೆ ಕ್ಷಮಿಸಿ. ನಿಮ್ಮ ಸೋಪು ಬಂದ ವಾರವೇ ನಮ್ಮ ಮಗಳು ತೀರಿಕೊಂಡಳು. ಆರು ವರ್ಷ. ಆ ಚೀಟಿಯನ್ನು ಅವಳ ಅಂಗೈಯಲ್ಲಿಟ್ಟು ಮಣ್ಣು ಮಾಡಿದೆವು. ಅಷ್ಟು ಚೆಂದದ ಮಾತು ಬರೆದಿರಿ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.’

ಅಗೆದು ಕೊಡಿ ಎಂದು ಯಾವ ಬಾಯಿಂದ ಕೇಳುವುದು? ನಡೀನ್ ಪತ್ರ ಮಡಚಿಟ್ಟಳು.

ಹೊರಗೆ ಮೆಟ್ಟಿಲ ಮೇಲೆ ಐರಿಸ್ ಅಪ್ಪನ ಕೆನ್ನೆ ಹಿಡಿದು ಕಲಿಸುತ್ತಿದ್ದಳು. “ಗು... ಬ್ಬ... ಚ್ಚಿ. ಹೇಳಪ್ಪಾ.”

ವೆಂಡೆಲ್ ಅವಳ ತುಟಿಯನ್ನೇ ಕಣ್ಣಿಟ್ಟು ನೋಡಿದ.

“ತುಟಿ ಅಲ್ಲಾಡ್ತಿದೆ, ಮಗಳೇ,” ಎಂದ. “‘ಹೇಳಪ್ಪಾ’ ಅನ್ನೋದಷ್ಟೇ ಕೇಳಿಸ್ತಿದೆ, ಅದಕ್ಕೆ ಮುಂಚಿನದು ಇಲ್ಲ.”