ಒಳಗಿನಿಂದ ತೆರೆಯುವ ಬಾಗಿಲು

"ಬಾಗಿಲು ತೆಗೀರಿ! ಯಾರಾದ್ರೂ ತೆಗೀರಿ…!"

ಗುಂಡ್ಲುಪೇಟೆಯ ಹಳೆ ಗಾಡಿಗಳ ಶೆಡ್ಡಿನಲ್ಲಿ, ಕೆಂಪು ಪಿಕಪ್ಪೊಂದರ ಒಳಗೆ ಕೂತು ಶಿವರಂಜಿನಿ ಗಾಜು ಬಡಿಯುತ್ತಿದ್ದಳು. ಗಾಡಿ ನೋಡಲು ಬಂದವಳು ಸುಮ್ಮನೆ ಹತ್ತಿ ಕೂತಿದ್ದಳು, ಅಷ್ಟೇ. ಎಷ್ಟು ಎಳೆದರೂ ಬಾಗಿಲು ಜಪ್ಪಯ್ಯ ಅನ್ನಲಿಲ್ಲ!

ಓಡಿಬಂದು ಹೊರಗಿನಿಂದ ತೆಗೆದವನು ಶೆಡ್ಡಿನ ಯಜಮಾನ ಸಿದ್ದಾರ್ಥ. ಅವಳ ಕೈ ನಡುಗುತ್ತಿದ್ದುದನ್ನು ಅವನು ನೋಡಿದ. ಅವನು ನೋಡಿದ್ದನ್ನು ಅವಳೂ ನೋಡಿದಳು.

"ಅದನ್ನ ಹೊರಗಿಂದ ಮಾತ್ರ ತೆಗಿಬೋದು ಕಣ್ರೀ. ತಪ್ಪಾಯ್ತು."

'ನಮ್ಮನೆ ಥರಾನೇ…' ಎಂದುಕೊಂಡಳು.

ಒಪ್ಪದ ನಿಶ್ಚಿತಾರ್ಥವನ್ನು ಮುರಿದುಕೊಂಡ ಮೇಲೆ ಅಪ್ಪ ಪುಟ್ಟಮಾದು ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದ ದಿನಗಳಿದ್ದವು. ಈಗ ಚಿಲಕವಿಲ್ಲ, ಕಾವಲಿದೆ. ಬರುವ ಶುಕ್ರವಾರ ಮತ್ತೊಬ್ಬ ಗಂಡು ನೋಡಲು ಬರುತ್ತಾನೆ. ಅವಳಿಗಿದ್ದ ಒಂದೇ ದಾರಿ, ಚಂದಕವಾಡಿಯ ಹಿತ್ತಲಲ್ಲಿ ನಿಂತಿದ್ದ ಟ್ರಾವೆಲ್ ಟ್ರೇಲರ್. ಎರಡು ಮಂಚ, ಒಂದು ಒಲೆ, ಒಂದು ಕಿಟಕಿ ಇರುವ ಚಕ್ರದ ಮನೆ. ಮುಚ್ಚಿದ ರೆಸಾರ್ಟೊಂದರಿಂದ ಹಟ ಹಿಡಿದು ತಂದದ್ದು. ಅದರಲ್ಲಿ ಪ್ರವಾಸಿಗರನ್ನು ಉಳಿಸಿ, ಕೈಯಾರೆ ಬಡಿಸಿ, ತನ್ನ ಕಾಲ ಮೇಲೆ ನಿಲ್ಲಬೇಕು! ಅದನ್ನು ಎಳೆಯಲು ಒಂದು ಪಿಕಪ್ ಬೇಕು.

"ನನ್ನ ಟ್ರೇಲರ್ ಎಳೆಯೋಕೆ ಇದೇ ಕೊಡಿ. ಬಾಗಿಲು ಆಮೇಲೆ ಮಾಡಿಸ್ಕೋತೀನಿ."

"ಇದನ್ನ ಮಾತ್ರ ಕೊಡಲ್ಲ."

"ಯಾಕೆ? ಹೆಂಗಸು ಅಂತಲಾ?"

"ಅಯ್ಯೋ, ಬುಡಿ! ಹೊರೋದೇ ಬ್ಯಾರೆ, ಎಳಿಯೋದೇ ಬ್ಯಾರೆ. ಬೆನ್ನ ಮ್ಯಾಲಿರೋ ಟೊಮೆಟೊ ಮಾತು ಕೇಳುತ್ತೆ. ಹಿಂದೆ ಕಟ್ಟಿದ ಮನೆ ಇಳಿಜಾರಲ್ಲಿ ನಿಮ್ಮನ್ನೇ ತಳ್ಬುಡುತ್ತೆ. ಬುಧವಾರ ಇನ್ನೊಂದು ಗಾಡಿ ಬತ್ತದೆ, ಮೈಕಟ್ಟು ಗಟ್ಟಿ. ಅಲ್ಲೀಗಂಟ ತಡೀರಿ… ನನಗೋಸ್ಕರ."

ಕೊನೆಯ ಮಾತು ಅವನಿಗೇ ತಿಳಿಯದೆ ಜಾರಿತ್ತು. ಶಿವರಂಜಿನಿ ಬಸ್ಸಿನುದ್ದಕ್ಕೂ ಅದನ್ನೇ ಮೆಲುಕು ಹಾಕಿದಳು. ಹುಚ್ಚು ಹುಡುಗಿ!

ಬುಧವಾರ ಶೆಡ್ಡಿನೆದುರು ಬಸ್ಸಿಳಿದವಳು ಗಕ್ಕನೆ ಮರದ ಮರೆಗೆ ಸರಿದಳು. ಒಳಗಿನಿಂದ ಬರುತ್ತಿದ್ದವನು ಅವಳ ಅಪ್ಪ! ಸಿದ್ದಾರ್ಥ ಅವನೆದುರು ತಲೆ ಬಾಗಿಸಿ ಕೈ ಮುಗಿಯುತ್ತಿದ್ದ.

'ಇವನೂ ಅಪ್ಪನ ಕಡೆಯೇ…! ಕಾಯಿಸಿದ್ದು ಇದಕ್ಕೇನಾ?'

ಬಂದ ದಾರಿಯಲ್ಲೇ ಹಿಂದಿರುಗಿದಳು.

ಮರುದಿನ ಅಪ್ಪ ಹೊಲಕ್ಕೆ ಹೋದ ಹೊತ್ತು ನೋಡಿ, ಸೋದರಮಾವನ ಟೊಮೆಟೊ ಪಿಕಪ್ ಕೇಳಿ ತಂದಳು. ಮಾವನಿಗೆ ಸೊಸೆಯ ಮೇಲೆ ಪ್ರಾಣ. ಟ್ರೇಲರಿಗೆ ಸಾಮಾನು ಹೇರಿದ್ದೂ ಅವನೇ. ಆದರೆ ಅವನು ಹೇರಿದ್ದು ಎತ್ತಿನಗಾಡಿಗೆ ಹೇರಿದ ಹಾಗೆ! ನೀರಿನ ಡ್ರಮ್ಮು, ಸಿಲಿಂಡರು, ಅಕ್ಕಿಮೂಟೆ ಎಲ್ಲವೂ ಹಿಂದಕ್ಕೆ.

"ಮುಂದ್ಕೆ ಭಾರ ಬುಟ್ರೆ ಎತ್ತಿನ ಕತ್ತು ಓಯ್ತದೆ ಕಣಮ್ಮಿ. ಹಿಂದ್ಕಿದ್ರೆ ನೊಗ ಹಗೂರ."

ಪಿಕಪ್ಪಿಗೆ ಕತ್ತೆಲ್ಲಿ, ನೊಗವೆಲ್ಲಿ! ಟ್ರೇಲರ್ ನಿಲ್ಲಿಸಬೇಕೆಂದಿದ್ದ ಪುಣಜನೂರಿನ ಗೆಳತಿ ಭವ್ಯಳ ತೋಟ ಇನ್ನೇನು ಸಿಗಬೇಕು, ಇಳಿಜಾರಿನಲ್ಲಿ ಹಿಂದಿನ ಭಾರಕ್ಕೆ ಟ್ರೇಲರಿನ ಬಾಲ ಓಲಾಡತೊಡಗಿತು. ಬ್ರೇಕ್ ಒತ್ತಿದಳು. ಟ್ರೇಲರ್ ಸರ್ರನೆ ಮಡಚಿಕೊಂಡು ಬಂದು ಅವಳ ಬಾಗಿಲಿಗೇ ಒತ್ತಿ ನಿಂತಿತು. ಇನ್ನೊಂದು ಬಾಗಿಲಿಗೆ ಹುಣಸೆಮರ ಅಡ್ಡ.

ಮೈಗೆ ಗಾಯವಿಲ್ಲ. ಆದರೆ ಹೊರಬರಲು ದಾರಿಯೇ ಇಲ್ಲ! ದಾರಿಹೋಕರು ತಳ್ಳಿ ನೋಡಿದರು, ಅಲುಗಲಿಲ್ಲ. ಫೋನ್ ಕೈಗೆತ್ತಿಕೊಂಡಳು. ಅಪ್ಪನಿಗೆ ಫೋನ್ ಮಾಡಿದರೆ ಮತ್ತೆ ಚಿಲಕ… ಬೆರಳು ತಾನಾಗಿ ಇನ್ನೊಂದು ಹೆಸರನ್ನು ಒತ್ತಿತು.

"ಪುಣಜನೂರಿನ ಇಳಿಜಾರಲ್ಲಿ ಸಿಕ್ಕಿಹಾಕ್ಕೊಂಡಿದ್ದೀನಿ…" ಎಂದಳು, ಅಷ್ಟೇ.

ಸಿದ್ದಾರ್ಥ ಅವಳಿಗೆಂದೇ ತರಿಸಿದ್ದ ಬಿಳಿಯ ದೊಡ್ಡ ಪಿಕಪ್ಪಿನಲ್ಲಿ ಬಂದಾಗ ಅವಳ ಗಂಟಲು ಒಣಗಿತ್ತು. ಕಿಟಕಿಯ ಸಂದಿನಿಂದ ಅವನು ನೀರಿನ ಬಾಟಲಿ ತೂರಿಸಿದ. ಅವಳು ಕುಡಿಯಲಿಲ್ಲ.

"ನಿನ್ನೆ ಅಪ್ಪ ಬಂದಿದ್ರು. ಗಾಡಿ ಕೊಡಬೇಡ ಅಂದ್ರು. ಅಲ್ವಾ?"

"ಅಂದ್ರು. ನೀವು ಶೆಡ್ಡಿಗೆ ಬಂದದ್ದು ಯಾರೋ ಅವರ ಕಿವಿಗೆ ಹಾಕಿದ್ರಂತೆ."

"ನೀವು ಕೈ ಮುಗಿದ್ರಿ. ನಾನೇ ನೋಡ್ದೆ!"

"ಮುಗಿದೆ. ಆಗಲ್ಲ ಅನ್ನಕೆ ಮುಗಿದೆ!" ಅವನ ದನಿ ಒಡೆಯಿತು. "ದೊಡ್ಡೋರಿಗೆ ಆಗಲ್ಲ ಅನ್ನಬೇಕಾದ್ರೆ ನಮ್ಮ ಕಡೆ ಕೈ ಮುಗಿದೇ ಅಲ್ವೇನ್ರೀ ಅನ್ನದು? ನಿಮ್ಮ ಮಗಳು ಕೇಳಿದ ಗಾಡಿ ಕೊಟ್ಟೇ ಕೊಡ್ತೀನಿ, ಕ್ಷಮಿಸಿ ಅಂದೆ."

ಶಿವರಂಜಿನಿಗೆ ಅಳು ಉಕ್ಕಿತು. ನೋಡಿದ್ದು ನಿಜ, ತಿಳಿದದ್ದು ಸುಳ್ಳು!

ಅವನು ಟ್ರೇಲರಿನ ಹಿಂಬದಿಗೆ ಹಗ್ಗ ಬಿಗಿದು ತನ್ನ ಗಾಡಿಯಿಂದ ಎಳೆದ. ಬಾಗಿಲು ಬಿಟ್ಟುಕೊಂಡಿತು. ಹೊರಗೆ ಕಾಲಿಟ್ಟವಳು ಗಾಳಿಯನ್ನು ಗಟಗಟನೆ ಕುಡಿದಳು. ಇಬ್ಬರೂ ಸೇರಿ ಸಾಮಾನನ್ನು ಮುಂದಕ್ಕೆ ಜರುಗಿಸಿ, ಟ್ರೇಲರನ್ನು ಬಿಳಿ ಪಿಕಪ್ಪಿನ ಕೊಂಡಿಗೆ ಜೋಡಿಸಿದರು. ಅವನು ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ.

"ಕೂತ್ಕೊಂಡು, ಒಳಗಿಂದ ಬಾಗಿಲು ತೆಗೆದು ನೋಡಿ."

ಹಾಕಿದಳು, ತೆಗೆದಳು. ಮತ್ತೆ ಹಾಕಿದಳು, ಮತ್ತೆ ತೆಗೆದಳು. ಕಣ್ಣೀರಿನ ನಡುವೆ ನಗು ಬಂತು.

"ಅವತ್ತು ನಿಮ್ಮ ಕೈ ನಡುಗಿದ್ದು ಕಂಡಾಗಿಂದ ನಂಗೆ ನೆಮ್ಮದಿ ಇಲ್ಲ," ಎಂದ ಸಿದ್ದಾರ್ಥ. "ನೀವಂದ್ರೆ ನಂಗೆ… ಪ್ರಾಣ."

"ಮದುವೆ ಅಂದ್ರೆ ಇನ್ನೊಂದು ಚಿಲಕ ಅಂತ ಭಯ ನಂಗೆ…"

"ಅದಕ್ಕೇ ಕೇಳ್ತಿಲ್ಲ. ನೀವು ಓಗಿ. ನಾನು ಮಾವನ ಗಾಡಿ ತಲುಪಿಸ್ತೀನಿ."

ಅವನು ತಿರುಗಿ ನಾಲ್ಕು ಹೆಜ್ಜೆ ಹಾಕಿರಬಹುದು. ಹಿಂದೆ ಟಕ್ಕೆಂದು ಸದ್ದಾಯಿತು. ಶಿವರಂಜಿನಿ ಬಾಗಿ, ಪಕ್ಕದ ಸೀಟಿನ ಬಾಗಿಲನ್ನು ಒಳಗಿನಿಂದ ತೆರೆದಿದ್ದಳು.

"ಮಾವನ ಗಾಡಿ ಎಲ್ಲೂ ಓಡಿಹೋಗಲ್ಲ. ಹತ್ತಿ."

"ಎಲ್ಲಿಗೆ?"

"ಚಂದಕವಾಡಿಗೆ. ನಾಳೆ ಬರೋ ಗಂಡು ಬೇಡ ಅಂತ ಅಪ್ಪನಿಗೆ ಕೈ ಮುಗಿದು ಹೇಳ್ಬೇಕು."

"ನಾನೇನು ಮಾಡ್ಲಿ?"

"ಪಕ್ಕದಲ್ಲಿ ನಿಂತ್ಕೊಳ್ಳಿ. ಸಾಕು."