ದೊರೆಗೆ ಮೂರು ಮನೆ ಊಟ

"ಹಿಡ್ಕೋ, ಹಿಡ್ಕೋ! ಬಾಲ ಅಲ್ಲ ಕಣೇ, ಹೊಟ್ಟೆ ಹಿಡ್ಕೋ!" ಅಮ್ಮ ಕೂಗಿದಳು.

ರಮ್ಯಶ್ರೀ ಮಂಚದ ಕೆಳಗಿನಿಂದ ದೊರೆಯನ್ನು ಎಳೆದುಕೊಂಡು ಹೊರಗೆ ಬಂದಳು. ಅವಳ ತಲೆಯ ತುಂಬ ಜೇಡರ ಬಲೆ. ದೊರೆಯ ಮುಖದ ತುಂಬ ಸಿಟ್ಟು. ಕಿತ್ತಳೆ ಬಣ್ಣದ ಆ ಗಂಡು ಬೆಕ್ಕಿಗೆ ಹೆಸರಿಟ್ಟವಳು ಅಜ್ಜಿ. ಕೆಲಸ ಮಾಡದೆ ಕೂತು ತಿನ್ನುವವರನ್ನೆಲ್ಲ ಗಂಗಲಕ್ಷ್ಮಮ್ಮಜ್ಜಿ ದೊರೆ ಎಂದೇ ಕರೆಯುತ್ತಿದ್ದಳು.

ಅಮ್ಮ ದೊರೆಯ ಬೆನ್ನಿನ ಚರ್ಮವನ್ನು ಮೆಲ್ಲಗೆ ಎತ್ತಿ ಹಿಡಿದು, ಕೂದಲೆಳೆಯಷ್ಟು ಸಣ್ಣ ಸೂಜಿ ಚುಚ್ಚಿ ತೆಗೆದಳು. ದೊರೆಗೆ ಗೊತ್ತೇ ಆಗಲಿಲ್ಲ. ಗೊತ್ತಾಗದಿದ್ದರೂ ಒಮ್ಮೆ "ಮ್ಯಾಂವ್" ಎಂದು ಜೋರಾಗಿ ಬೈದ.

"ನಮ್ಮ ಕಾಲ್ದಲ್ಲಿ ಬೆಕ್ಕಿಗೆ ಶುಗರ್ ಅಂದ್ರೆ ಇಡೀ ಜೋಗುಪಾಳ್ಯ ನಗ್ತಿತ್ತು," ಎಂದಳು ಅಜ್ಜಿ. ಅಜ್ಜಿಗೂ ಶುಗರ್ ಇತ್ತು. "ನನಗೆ ಬರೀ ಮಾತ್ರೆ. ಇವನಿಗೆ ನೋಡು, ಇನ್ಸುಲಿನ್! ದೊರೆ ಅಂದ್ಮೇಲೆ ದೊರೆ."

ಆರು ತಿಂಗಳ ಹಿಂದೆ ದೊರೆ ಬಚ್ಚಲಿನ ಬಕೆಟ್ಟಿಗೇ ಬಾಯಿ ಹಾಕಿ ನೀರು ಕುಡಿಯಲು ಶುರು ಮಾಡಿದ್ದ. ಎಷ್ಟು ತಿಂದರೂ ಸೊರಗುತ್ತಿದ್ದ. ಇಂದಿರಾನಗರದ ಪ್ರಾಣಿಗಳ ಡಾಕ್ಟರ್ ಸುಕನ್ಯ ಅವನ ಕಿವಿಯ ಅಂಚಿನಿಂದ ಒಂದು ಹನಿ ರಕ್ತ ತೆಗೆದು ನೋಡಿ, "ಡಯಾಬಿಟಿಸ್" ಎಂದಿದ್ದರು. ಬೆಳಿಗ್ಗೆ ಊಟ, ಆಮೇಲೆ ಇಂಜೆಕ್ಷನ್. ಸಂಜೆ ಊಟ, ಆಮೇಲೆ ಇಂಜೆಕ್ಷನ್. ಅವನು ಊಟ ಮಾಡದಿದ್ದರೆ ಇಂಜೆಕ್ಷನ್ ಕೊಡುವ ಮೊದಲು ತಮಗೆ ಫೋನ್ ಮಾಡಬೇಕು ಎಂದೂ ಹೇಳಿದ್ದರು.

ಆದರೆ ಶುಗರ್ ಮಾತ್ರ ಇಳಿಯಲೇ ಇಲ್ಲ. ಡಾಕ್ಟರ್ ಡೋಸ್ ಒಂಚೂರು ಏರಿಸಿದರು. ಮತ್ತೆ ಏರಿಸಿದರು.

"ಬೇರೆ ಏನಾದ್ರೂ ತಿಂತಾನಾ?" ಎಂದು ಅವರು ಕೇಳಿದಾಗ ರಮ್ಯಶ್ರೀ ಎಲ್ಲರಿಗಿಂತ ಮೊದಲು ಬಾಯಿ ತೆರೆದಿದ್ದಳು. "ಇಲ್ಲವೇ ಇಲ್ಲ ಡಾಕ್ಟರ್! ನಾವು ಹಾಕೋ ಫಿಶ್ ಬಿಟ್ಟು ಇನ್ನೇನೂ ಮುಟ್ಟಲ್ಲ. ಪ್ರಾಮಿಸ್!"

ಆ ಪ್ರಾಮಿಸ್ ಒಂದು ಭಾನುವಾರ ಪುಸ್ಸೆಂದಿತು.

ಅವತ್ತು ರಮ್ಯಶ್ರೀ ಮಹಡಿಯ ಮೇಲೆ ಬಟ್ಟೆ ಒಣಹಾಕುತ್ತಿದ್ದಳು. ಕೆಳಗೆ ದೊರೆ ಕಾಂಪೌಂಡ್ ಗೋಡೆಯ ಮೇಲೆ ಆಫೀಸಿಗೆ ಹೊರಟವನ ಹಾಗೆ ಗಂಭೀರವಾಗಿ ನಡೆದು ಹೋಗುತ್ತಿದ್ದ. ನೇರ ಪಕ್ಕದ ಮನೆಯ ಹಿಂಬಾಗಿಲಿಗೆ.

"ಅರೇ ನವಾಬ್ ಸಾಬ್! ಇವತ್ತು ಲೇಟ್?" ಸುರಯ್ಯಾ ಆಂಟಿಯ ದನಿ ಕೇಳಿಸಿತು. ಒಂದು ಬಟ್ಟಲು ಹೊರಗೆ ಬಂತು. ಅದರಲ್ಲಿ ಹಾಲಿನಲ್ಲಿ ನೆನೆಸಿದ ಬನ್ನು.

ನವಾಬ್ ಸಾಬ್ ಬಟ್ಟಲು ನೆಕ್ಕಿ, ಮೀಸೆ ಒರೆಸಿಕೊಂಡು, ಎದುರು ಮನೆಯ ಮೆಟ್ಟಿಲು ಹತ್ತಿದ. ಅಲ್ಲಿ ಬಾಡಿಗೆ ರೂಮಿನಲ್ಲಿ ರಾಯಚೂರು ಕಡೆಯ ಹುಸೇನಮ್ಮ ಇದ್ದಳು.

"ಬಂದೇನೋ ಗುಂಡ್ಯಾ? ನಿನಗಂತನ ಹಾಲನ್ನ ಇಟ್ಟೀನಿ, ತಿನ್ನು."

ಗುಂಡ್ಯಾ ತಿಂದ. ಸಕ್ಕರೆ ಹಾಕಿದ ಹಾಲನ್ನವನ್ನು ಒಂದು ಅಗುಳೂ ಬಿಡದೆ ತಿಂದ.

ರಮ್ಯಶ್ರೀಗೆ ಕಿವಿಯೆಲ್ಲ ಬಿಸಿಯಾಯಿತು. ಒದ್ದೆ ಬಟ್ಟೆ ಅಲ್ಲೇ ಬಿಟ್ಟು ದಡದಡ ಕೆಳಗಿಳಿದು ರಸ್ತೆಯ ಮಧ್ಯೆ ನಿಂತಳು.

"ಆಂಟಿ! ಹುಸೇನಮ್ಮ! ಅವನಿಗೆ ಶುಗರ್ ಇದೆ! ನಿಮ್ಮಿಂದಾನೇ ಕಡಿಮೆ ಆಗ್ತಿಲ್ಲ! ಇನ್ಮೇಲೆ ಯಾರೂ ಏನೂ ಹಾಕ್ಬಾರ್ದು. ಒಂದು ತುತ್ತೂ ಹಾಕ್ಬಾರ್ದು!"

ಸುರಯ್ಯಾ ಆಂಟಿ ಬಟ್ಟಲು ಹಿಡಿದೇ ಹೊರಗೆ ಬಂದರು. "ನಮಗೇನ್ ಗೊತ್ತವ್ವಾ? ಹಸದು ಬರ್ತದ, ಹಾಕ್ತೀವಿ," ಎಂದು ಹುಸೇನಮ್ಮ ಸಣ್ಣ ದನಿಯಲ್ಲಿ ಹೇಳಿದಳು.

"ಹಸಿದು ಬರಲ್ಲ! ನಾಟಕ ಮಾಡ್ತಾನೆ!" ಎಂದಳು ರಮ್ಯಶ್ರೀ. ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದವರೂ ಆಟ ನಿಲ್ಲಿಸಿ ನೋಡಿದರು. ಅವಳಿಗೆ ತಾನು ಇನ್ಸ್‌ಪೆಕ್ಟರ್ ಆದ ಹಾಗೆ ಅನ್ನಿಸಿತು.

ಮನೆಯಲ್ಲಿ ಮಾತ್ರ ಅವಳು ಏನೂ ಹೇಳಲಿಲ್ಲ. ಮುಂದಿನ ಸಲ ಕ್ಲಿನಿಕ್ಕಿಗೆ ಹೋದಾಗ ಶುಗರ್ ಇಳಿದಿರುತ್ತದೆ, ಡಾಕ್ಟರ್ ಬೆರಗಾಗುತ್ತಾರೆ, ಆಗ "ನಾನೇ ಮಾಡಿದ್ದು" ಎನ್ನಬೇಕು ಎಂದು ಮನಸ್ಸಿನಲ್ಲೇ ಪ್ರಾಕ್ಟೀಸ್ ಮಾಡಿಕೊಂಡಳು.

ಮಂಗಳವಾರ ಅವಳು ಸ್ಕೂಲಿನಿಂದ ಬಂದಾಗ ದೊರೆ ಬಾಗಿಲಿಗೆ ಬರಲಿಲ್ಲ. ಅಡುಗೆಮನೆಯ ಮೂಲೆಯಲ್ಲಿದ್ದ. ಅವಳನ್ನು ಕಂಡು ಏಳಲು ಹೋದ. ಹಿಂಗಾಲು ಜಾರಿತು. ಎರಡು ಹೆಜ್ಜೆ ತೂರಾಡಿ ಪಕ್ಕಕ್ಕೆ ಉರುಳಿದ. ಮೈ ಸಣ್ಣಗೆ ನಡುಗುತ್ತಿತ್ತು.

"ಅಜ್ಜೀ! ದೊರೆಗೆ ಏನೋ ಆಗಿದೆ!"

ಅಜ್ಜಿ ಬಗ್ಗಿ ನೋಡಿದಳು. "ಲೋ ಆಗಿದೆ ಕಣೇ! ಶುಗರ್ ಲೋ! ನಂಗೂ ಹಿಂಗೇ ನಡುಕ ಬರುತ್ತೆ. ಡಾಕ್ಟರಿಗೆ ಫೋನ್ ಮಾಡು, ನಡಿ!"

"ಒಸಡಿಗೆ ಸಕ್ಕರೆ ನೀರು ಸವರು," ಎಂದರು ಫೋನಿನಲ್ಲಿ ಡಾಕ್ಟರ್ ಸುಕನ್ಯ. "ಗಂಟಲಿಗೆ ಸುರೀಬೇಡ, ಬರೀ ಸವರು. ತಡ ಮಾಡ್ದೆ ಕರ್ಕೊಂಡು ಬನ್ನಿ."

ಒಂದು ತುತ್ತೂ ಬೇಡ ಎಂದು ಕೂಗಿದ್ದ ರಮ್ಯಶ್ರೀ ಈಗ ತಾನೇ ಸಕ್ಕರೆ ಕದಡಿ, ಬೆರಳಿನಲ್ಲಿ ಅದ್ದಿ, ದೊರೆಯ ತುಟಿ ಎತ್ತಿ ಸವರಿದಳು. ಅವನು ಕಚ್ಚಲಿಲ್ಲ. ಯಾವಾಗಲೂ ಕಚ್ಚುವವನು ಕಚ್ಚದೇ ಇದ್ದದ್ದು ನೋಡಿ ಅವಳಿಗೆ ಅಳು ಬಂತು.

ಅಮ್ಮ ಇನ್ನೂ ಆಫೀಸಿನಲ್ಲಿದ್ದಳು. ರಸ್ತೆಯಲ್ಲಿ ಇದ್ದದ್ದು ಒಂದೇ ಆಟೋ. ಅದು ಸುರಯ್ಯಾ ಆಂಟಿಯ ಗಂಡ ರಹೀಂ ಅಂಕಲ್‌ದು.

ಅವರ ಬಾಗಿಲ ಮುಂದೆ ಎತ್ತಿದ ಕೈ ಒಂದು ಕ್ಷಣ ಹಾಗೇ ನಿಂತಿತು. ಆಮೇಲೆ ರಮ್ಯಶ್ರೀ ಬಾಗಿಲು ಬಡಿದಳು. ಸುರಯ್ಯಾ ಆಂಟಿ ಬಂದರು.

"ಆಂಟಿ... ದೊರೆ..." ಅಷ್ಟೇ ಹೇಳಲು ಆದದ್ದು.

"ಏಜೀ, ಊಟ ಆಮೇಲೆ ಮಾಡಿ! ಆಟೋ ತೆಗೀರಿ, ನವಾಬಿಗೆ ಹುಷಾರಿಲ್ಲ!" ಎಂದು ಒಳಗಿದ್ದ ಗಂಡನಿಗೆ ಕೂಗಿ, ಆಂಟಿ ಚಪ್ಪಲಿಯನ್ನೂ ಹಾಕದೆ ಓಡಿ ಬಂದರು. ದೊರೆಯನ್ನು ಟವೆಲ್ಲಿನಲ್ಲಿ ಸುತ್ತಿ ಮಡಿಲಲ್ಲಿ ಹಾಕಿಕೊಂಡರು. ಅಜ್ಜಿಯೂ ಆಟೋ ಹತ್ತಿದಳು. ದಾರಿಯುದ್ದಕ್ಕೂ ರಮ್ಯಶ್ರೀ ಸಕ್ಕರೆ ನೀರು ಸವರುತ್ತಲೇ ಇದ್ದಳು. ಇಂದಿರಾನಗರದ ಸಿಗ್ನಲ್ಲಿನಲ್ಲಿ ರಹೀಂ ಅಂಕಲ್ ಹಾಕಿದ ಹಾರ್ನ್‌ಗೆ ಒಬ್ಬ ಪೊಲೀಸಪ್ಪ ತಿರುಗಿ ನೋಡಿದ.

ಕ್ಲಿನಿಕ್ಕಿನಲ್ಲಿ ದೊರೆಯ ಕಾಲಿಗೆ ಸಣ್ಣ ನಳಿಗೆ ಹಾಕಿ ಗ್ಲೂಕೋಸ್ ಕೊಟ್ಟರು. ಬಹಳ ಹೊತ್ತಿನ ಮೇಲೆ ಅವನು ತಲೆ ಎತ್ತಿ ಎಲ್ಲರನ್ನೂ ನೋಡಿದ. ನರ್ಸ್ ಅಕ್ಕನ ಬೆರಳನ್ನು ಒಂದು ಸಲ ಕಚ್ಚಿದ.

"ಹಾಂ, ಈಗ ಸರಿಹೋದ," ಎಂದಳು ಅಜ್ಜಿ.

ಡಾಕ್ಟರ್ ಸುಕನ್ಯ ಕುರ್ಚಿ ಎಳೆದುಕೊಂಡು ಕೂತರು. "ಈಚೆಗೆ ಅವನ ಊಟದಲ್ಲಿ ಏನಾದ್ರೂ ಬದಲಾಯ್ತಾ?"

ರಮ್ಯಶ್ರೀ ನೆಲ ನೋಡುತ್ತಾ ಎಲ್ಲ ಹೇಳಿದಳು. ಬನ್ನು, ಹಾಲನ್ನ, ನವಾಬ್, ಗುಂಡ್ಯಾ, ರಸ್ತೆಯ ಮಧ್ಯೆ ನಿಂತು ಕೂಗಿದ್ದು.

ಡಾಕ್ಟರ್ ನಗು ತಡೆದುಕೊಂಡರು. "ಅಂದ್ರೆ ನಾನು ಇಷ್ಟು ದಿನ ಮೂರು ಮನೆ ಊಟಕ್ಕೆ ಡೋಸ್ ಕೊಡ್ತಿದ್ದೆ, ನಂಗೇ ಗೊತ್ತಿಲ್ಲದೆ. ನೀನು ಎರಡು ಮನೆ ಊಟ ನಿಲ್ಲಿಸ್ದೆ. ಔಷಧಿ ಮಾತ್ರ ಮೂರು ಮನೇದೇ ಹೋಗ್ತಿತ್ತು."

"ಒಳ್ಳೇದು ಮಾಡ್ತಿದೀನಿ ಅಂದ್ಕೊಂಡೆ ಡಾಕ್ಟರ್."

"ಗೊತ್ತು ಪುಟ್ಟಾ. ನೀನು ಬೇಗ ನೋಡಿದ್ದಕ್ಕೇ ಅವನು ಉಳಿದಿದ್ದು."

ಆ ರಾತ್ರಿ ದೊರೆ ಕ್ಲಿನಿಕ್ಕಿನಲ್ಲೇ ಉಳಿದ. ಮನೆಗೆ ಬಂದಾಗ ಅವನ ಡೋಸ್ ಅರ್ಧಕ್ಕಿಂತ ಕಡಿಮೆಯಾಗಿತ್ತು. ಸಿಟ್ಟು ಮಾತ್ರ ಒಂದು ಚೂರೂ ಕಡಿಮೆಯಾಗಿರಲಿಲ್ಲ. ಹುಸೇನಮ್ಮ ಮೆಟ್ಟಿಲ ಮೇಲೆ ನಿಂತು, "ಬರೇ ಮಾತಾಡಿಸಬೌದಲ್ಲವ್ವಾ? ಮಾತಿನ್ಯಾಗ ಸಕ್ರಿ ಇರಂಗಿಲ್ಲಲ್ಲ?" ಎಂದು ಕೇಳಿದಳು. ಎಲ್ಲರೂ ನಕ್ಕರು. ರಮ್ಯಶ್ರೀಯೂ ನಕ್ಕಳು, ಸ್ವಲ್ಪ ನಾಚಿಕೆಯಿಂದ.

ದೊರೆ ಮಾತ್ರ ತನ್ನ ಡ್ಯೂಟಿ ಬಿಡಲಿಲ್ಲ. ದಿನಾ ಗೋಡೆಯ ಮೇಲೆ ನಡೆದು ಹೋಗಿ ಎರಡೂ ಮನೆ ನೋಡಿಕೊಂಡು ಬರುತ್ತಿದ್ದ.

ಒಂದು ಸಂಜೆ ರಮ್ಯಶ್ರೀ ಗೋಡೆಯ ಹತ್ತಿರ ಬಂದಳು. "ಆಂಟಿ, ದೊರೆ ಬಂದಿದ್ನಾ?"

"ಬಂದಿದ್ದ. ಕೂತಿದ್ದ. ಹೋದ." ಸುರಯ್ಯಾ ಆಂಟಿ ಆಕಾಶ ನೋಡಿದರು.

"ಏನಾದ್ರೂ ತಿಂದ್ನಾ?"

"ಇಲ್ಲಪ್ಪಾ! ಅಂದ್ರೆ... ತಿಂದ ಅಂತ ಅಲ್ಲ. ನನ್ನ ಕೈಯಿಂದ ಬನ್ನು ಬಿತ್ತು. ಅವನು ಎತ್ಕೊಂಡ."

ರಮ್ಯಶ್ರೀಯ ಬಾಯಿಯ ತನಕ ಮಾತು ಬಂತು. ಆಂಟಿ ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತಿ ಬಿಡಿಸಿ ಮಾಡುತ್ತಿದ್ದರು. ಹೋಮ್‌ವರ್ಕ್ ಮಾಡದೆ ಟೀಚರ್ ಮುಂದೆ ನಿಂತಾಗ ತನ್ನ ಕೈಯೂ ಹೀಗೇ ಆಡುತ್ತದಲ್ಲ ಅನ್ನಿಸಿತು. ಈಗ ಕೂಗಿದರೆ ನಾಳೆಯಿಂದ ಆಂಟಿ ನಿಜ ಹೇಳುವುದಿಲ್ಲ.

ಅವಳು ಗೋಡೆಗೆ ಗಲ್ಲ ಆನಿಸಿ ಮೆಲ್ಲಗೆ ಕೇಳಿದಳು. "ಎಷ್ಟು ದೊಡ್ಡ ತುಂಡು ಆಂಟಿ?"

ಆಂಟಿ ಕಿರುಬೆರಳಿನ ತುದಿ ತೋರಿಸಿದರು. ಅವಳ ಮುಖ ನೋಡಿ ಇಡೀ ಬೆರಳು ತೋರಿಸಿದರು. ಆಮೇಲೆ ನಿಟ್ಟುಸಿರು ಬಿಟ್ಟು, "ಅರ್ಧ ಬನ್ನು, ಬೇಟಾ," ಎಂದರು.

"ಥ್ಯಾಂಕ್ಸ್ ಆಂಟಿ!"

ರಮ್ಯಶ್ರೀ ಮನೆಯೊಳಗೆ ಓಡಿದಳು. ಅಮ್ಮ ಸೂಜಿ ಕೈಗೆತ್ತಿಕೊಳ್ಳುವ ಮೊದಲು ಅರ್ಧ ಬನ್ನಿನ ಲೆಕ್ಕ ಹೇಳಬೇಕಿತ್ತು.