ಎರಡು ಸೆಡಾನು, ಮೂರು ಕೀಲಿ

ಕಾರು ಇರಲಿಲ್ಲ.

ಬೆಳಗಿನ ಆರು ಗಂಟೆ. ಡ್ರೈವಿಂಗ್ ಸ್ಕೂಲಿನ ಎದುರು ಖಾಲಿ ಜಾಗ. ಮೊದಲ ಪಾಠಕ್ಕೆ ಬಂದಿದ್ದ ನರ್ಸಮ್ಮ ಕೈಗಡಿಯಾರ ನೋಡಿಕೊಳ್ಳುತ್ತಿದ್ದಳು. ಬ್ರೇಕಕ್ಕ ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಎರಡು ಸಲ ನಡೆದುಬಂದಳು. ಪಕ್ಕದ ಸೀಟಿನ ಬಾಗಿಲನ್ನು ಎತ್ತಿ ತಳ್ಳದೆ ಕೂರದ ಬಿಳಿ ಸೆಡಾನು ಮಂಗಮಾಯ. ಪಕ್ಕದ ಗ್ಯಾರೇಜಿನಿಂದ ಸರ್ವೀಸ್ ಮುಗಿಸಿಕೊಂಡು ಬಂದು ಇನ್ನೂ ವಾರವಾಗಿರಲಿಲ್ಲ.

ಬ್ರೇಕಕ್ಕ ಎಂದರೆ ಸ್ಕೂಲಿನ ಒಡತಿ, ಟೀಚರೂ ಅವಳೇ. ಪಕ್ಕದ ಸೀಟಿನ ಕಾಲಬುಡದಲ್ಲಿ ತನಗೆಂದೇ ಎರಡನೇ ಬ್ರೇಕ್ ಹಾಕಿಸಿಕೊಂಡು, ಹನ್ನೆರಡು ವರ್ಷದಿಂದ ಊರಿನ ಗೋಡೆಗಳನ್ನೂ ಶಿಷ್ಯರನ್ನೂ ಕಾಪಾಡಿದವಳು. ಹೆಸರು ಶಿಷ್ಯರೇ ಇಟ್ಟದ್ದು.

ಇನ್ಸ್‌ಪೆಕ್ಟರ್ ಬಂದರು. ನೆಲ ನೋಡಿದರು. ಒಂದು ಚೂರು ಗಾಜೂ ಇರಲಿಲ್ಲ.

“ಕೀಲಿಯಿಂದಲೇ ತೆಗೆದು ತಗೊಂಡು ಹೋಗಿದಾರೆ. ಎಷ್ಟು ಕೀಲಿ ಇದೆ?”

“ಎರಡು. ಒಂದು ನನ್ನದು.” ಅವಳು ಮೂತಿ ಮುರಿದ ಕೀಲಿ ತೋರಿಸಿದಳು. ಹಿಂದಿನ ವರ್ಷ ಬಣ್ಣದ ಡಬ್ಬಿಯ ಮುಚ್ಚಳ ಎಬ್ಬಿಸಲು ಹೋಗಿ ತುದಿಯಷ್ಟೇ ಮುರಿದದ್ದು, ಕಾರಿಗೆ ನಡೆಯುತ್ತಿತ್ತು. “ಇನ್ನೊಂದು ನನ್ನ ತಮ್ಮಂದು. ಅವನೂ ಇಲ್ಲೇ ಪಾಠ ಹೇಳ್ತಾನೆ.”

ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್ ಅಲ್ಲೇ ನಿಂತಿದ್ದ. ನಿಟ್ಟುಸಿರು ಬಿಟ್ಟ.

“ಹೇಳಬಾರದು ಸರ್. ಈ ಗಾಡಿ ಎಷ್ಟಕ್ಕೆ ಹೋಗುತ್ತೆ ಅಂತ ತಮ್ಮ ಹೋದ ವಾರ ನನ್ನ ಕೇಳ್ತಿದ್ದ.”

“ನಾನು ಕೇಳೇ ಇಲ್ಲ!” ಸ್ಕೂಲಿನ ಬಾಗಿಲಲ್ಲಿ ನಿಂತಿದ್ದ ತಮ್ಮ ಕೂಗಿದ. ಇನ್ಸ್‌ಪೆಕ್ಟರ್ ಆಗಲೇ ಅವನ ಹೆಸರು ಬರೆದುಕೊಳ್ಳುತ್ತಿದ್ದರು.

*

ತಮ್ಮನ ಕೀಲಿ ಠಾಣೆ ಸೇರಿತು. ತಮ್ಮ ದಿನಾ ಠಾಣೆಯ ಬೆಂಚು ಸೇರಿದ. ಒಂದು ತಿಂಗಳಾಯಿತು. ಶಿಷ್ಯರ ಮುಂದೆ ತಲೆ ಎತ್ತಲಾರದೆ ಪಾಠ ಹೇಳುವುದನ್ನೇ ಬಿಟ್ಟ.

“ಸೋಮವಾರದೊಳಗೆ ಬಾಯಿ ಬಿಡದಿದ್ರೆ ಒಳಗೆ ಹಾಕ್ತೀನಿ,” ಎಂದರು ಇನ್ಸ್‌ಪೆಕ್ಟರ್.

“ನನ್ನ ತಮ್ಮ ಕದ್ದಿಲ್ಲ.”

“ಸಾಕ್ಷಿ ಏನಮ್ಮ?”

“ತರ್ತೀನಿ.”

ಹೇಳಿದ್ದೇನೋ ಗಟ್ಟಿಯಾಗಿಯೇ. ಕೈಯಲ್ಲಿ ಮಾತ್ರ ಏನೂ ಇರಲಿಲ್ಲ.

*

ಸ್ಕೂಲು ನಡೆಯಬೇಕಲ್ಲ. ಭಾನುವಾರ ಪಕ್ಕದ ಊರಿಗೆ ಹಳೆ ಕಾರು ನೋಡಲು ಹೊರಟಳು. “ನೀವೊಬ್ಬರೇ ಹೋದ್ರೆ ಟೋಪಿ ಹಾಕ್ತಾರೆ ಅಕ್ಕ,” ಎಂದು ಮೆಕ್ಯಾನಿಕ್ ತಾನಾಗಿ ಜೊತೆಗೆ ಬಂದ.

ವ್ಯಾಪಾರಿಯ ಅಂಗಳದಲ್ಲಿ ಅವಳಿಗೆ ಬೇಕಾದ ಮಾದರಿಯ ಸೆಡಾನು ಎರಡಿದ್ದವು. ಒಂದು ಬೂದು, ಒಂದು ಕೆಂಪು. ಮೆಕ್ಯಾನಿಕ್ ಬೂದು ಕಾರಿನ ಟೈರು ಒತ್ತಿ, ಎಂಜಿನ್ನಿಗೆ ಕಿವಿಕೊಟ್ಟು, ಹೊಗಳುತ್ತಲೇ ಕೆಂಪು ಕಾರಿನ ಕಡೆ ತಿರುಗಿದ. ಮಾತು ಅರ್ಧಕ್ಕೆ ನಿಂತಿತು.

“ಅದು ಬೇಡ ಅಕ್ಕ. ಆಕ್ಸಿಡೆಂಟ್ ಗಾಡಿ.”

“ಬಾನೆಟ್ಟೇ ಎತ್ತಿಲ್ವಲ್ಲ ಅಣ್ಣ?”

“ನೋಡಿದ್ರೇ ಗೊತ್ತಾಗುತ್ತೆ. ನಡೀರಿ, ಬೂದು ಗಾಡಿದೇ ಮಾತಾಡೋಣ.”

ಬೇಡ ಎಂದದ್ದನ್ನು ಬಿಟ್ಟುಬಿಡುವ ಪೈಕಿಯೇ ಬ್ರೇಕಕ್ಕ? ನೇರ ಹೋಗಿ ಕೆಂಪು ಕಾರಿನಲ್ಲಿ ಕೂತಳು. ಕೂತದ್ದು ಪಕ್ಕದ ಸೀಟಿನಲ್ಲಿ. ವ್ಯಾಪಾರಿ ನಕ್ಕ.

“ಮೇಡಂ, ಸ್ಟೀರಿಂಗ್ ಆ ಕಡೆ ಇದೆ.”

ಅವಳಿಗೆ ಅದು ಕೇಳಿಸಲಿಲ್ಲ. ಅಭ್ಯಾಸಬಲದಿಂದ ಬ್ರೇಕ್ ಹುಡುಕಿಹೋದ ಪಾದಕ್ಕೆ ಹೊಸ ಕಾರ್ಪೆಟ್ಟಿನ ಅಡಿ ಏನೋ ತಗ್ಗು ಸಿಕ್ಕಿತು. ಬಗ್ಗಿ ಕಾರ್ಪೆಟ್ಟಿನ ಅಂಚು ಎತ್ತಿದಳು. ಬೋಲ್ಟಿನ ತೂತುಗಳು. ಎರಡಲ್ಲ, ಮೂರು. ಅವಳ ಎರಡನೇ ಬ್ರೇಕ್ ಕೂರಿಸುವಾಗ ಮೆಕ್ಯಾನಿಕ್ ಒಂದನ್ನು ತಪ್ಪು ಜಾಗದಲ್ಲಿ ಕೊರೆದು ನಾಲಿಗೆ ಕಚ್ಚಿಕೊಂಡಿದ್ದ.

ಇದು ತನ್ನದೇ ಗಾಡಿ. ಮುಖ ಮಾತ್ರ ಬದಲಾಗಲಿಲ್ಲ. ಶಿಷ್ಯರು ಲಾರಿಗೆ ಎದುರು ನುಗ್ಗಿದಾಗಲೂ ಅದು ಬದಲಾಗುತ್ತಿರಲಿಲ್ಲ.

“ಬಾಗಿಲು ಹಾಕಿ ನೋಡೋಣ,” ಎಂದು ಇಳಿದಳು.

ವ್ಯಾಪಾರಿ ದೂಡಿದ. ಕೂರಲಿಲ್ಲ. ಜೋರಾಗಿ ಬಡಿದ. ಕೂರಲಿಲ್ಲ.

“ಅಣ್ಣಾ, ನೀವು ಹಾಕಿ.”

ಮೆಕ್ಯಾನಿಕ್ಕನ ಕಣ್ಣು ಗೇಟಿನ ಮೇಲಿತ್ತು. ಕೈ ತನ್ನ ಪಾಡಿಗೆ ಬಾಗಿಲನ್ನು ಬೆರಳಗಲ ಮೇಲೆತ್ತಿ, ಸೊಂಟದಿಂದ ಒಂದು ತಳ್ಳು ಕೊಟ್ಟಿತು. ಕ್ಲಿಕ್.

“ಮೊದಲನೇ ಸಲಕ್ಕೇ ಕೂತಿತಲ್ಲ!” ಎಂದಳು ಬ್ರೇಕಕ್ಕ. “ಇವರೇ, ಈ ಗಾಡಿ ಕೀಲಿ ಕೊಡಿ. ಗೇಟು ಹಾಕಿಸಿ. ಪೊಲೀಸರಿಗೆ ನಾನು ಫೋನ್ ಮಾಡ್ತೀನಿ.”

*

ಇನ್ಸ್‌ಪೆಕ್ಟರ್ ಬರುವಾಗ ಅವಳು ಬಾನೆಟ್ಟಿನ ಮೇಲೆ ಎರಡು ಕೀಲಿ ಇಟ್ಟುಕೊಂಡು ಕಾಯುತ್ತಿದ್ದಳು.

“ಬಣ್ಣ ಬದಲಾಗಿದೆ. ನಂಬರೂ ಬದಲಾಗಿದೆ. ತೂತು ಮೂರೂ ಹಾಗೇ ಇವೆ. ಇದು ನನ್ನ ಕೀಲಿ. ನೋಡಿ.” ತಿರುಗಿಸಿದಳು. ಕೆಂಪು ಕಾರು ಗುರ್ರ್ ಎಂದಿತು. “ಕಳ್ಳನ ಹತ್ರ ನಕಲು ಕೀಲಿ ಇತ್ತು. ಅದಕ್ಕೇ ಅವನು ಬೀಗ ಬದಲಾಯಿಸೋಕೇ ಹೋಗಿಲ್ಲ. ಆ ನಕಲು ಇದು. ಗಾಡಿ ಜೊತೆ ವ್ಯಾಪಾರಿ ಕೈಗೆ ಬಂದದ್ದು.”

“ತಮ್ಮನ ಕೀಲಿಯಿಂದಲೇ ಮಾಡಿಸಿರಬಹುದಲ್ಲ?”

“ಅವನ ಕೀಲಿ ಒಂದು ತಿಂಗಳಿಂದ ನಿಮ್ಮ ಮೇಜಿನಲ್ಲಿದೆ. ಅದರ ಮೂತಿ ನೆಟ್ಟಗಿದೆ. ಇದರ ಮೂತಿ ನೋಡಿ ಸರ್.”

ನಕಲಿನ ತುದಿ ಅವಳದರಂತೆಯೇ ಮೊಂಡು.

“ನನ್ನ ಕೀಲಿ ನೋಡಿ ಮಾಡಿದ್ದು. ಸ್ವಂತ ಕೀಲಿ ಇದ್ದ ತಮ್ಮ ನನ್ನದನ್ನ ಯಾಕೆ ಕದೀಬೇಕು? ಅದು ನನ್ನ ಕೈಬಿಟ್ಟದ್ದು ಎರಡೇ ದಿನ, ಈ ಅಣ್ಣನ ಗ್ಯಾರೇಜಿಗೆ ಸರ್ವೀಸಿಗೆ ಕೊಟ್ಟಾಗ. ಇವತ್ತು ಇದೇ ಅಣ್ಣ ಗಾಡಿ ಕಂಡ ತಕ್ಷಣ ಬೇಡ ಅಂದ್ರು. ಯಾವುದೋ ಗಾಡಿ ಅಂದ್ಕೊಂಡವರು ಅದರ ಬಾಗಿಲನ್ನ ನನ್ನ ಗಾಡಿ ಬಾಗಿಲಿನ ಹಾಗೆ ಎತ್ತಿ ಹಾಕ್ತಾರಾ? ಗುರುತು ಸಿಕ್ಕಿದ್ರೂ ಯಾಕೆ ಬಾಯಿ ಬಿಡಲಿಲ್ಲ?”

ಮೆಕ್ಯಾನಿಕ್ಕನ ಮುಖ ಸುಣ್ಣವಾಗಿತ್ತು.

“ದೂರದ ಊರಿಗೆ ಕಳಿಸ್ತೀನಿ ಅಂತ ನನ್ನಿಂದ ಗಾಡಿ ತಗೊಂಡಿದ್ದ ಆ ದಲ್ಲಾಳಿ,” ಎಂದು ಗೊಣಗಿದ. ಇನ್ಸ್‌ಪೆಕ್ಟರಿಗೆ ಅಷ್ಟು ಸಾಕಾಯಿತು.

ಅವನನ್ನು ಜೀಪಿಗೆ ಹತ್ತಿಸಿದ ಮೇಲೆ ಅವರು ಗಂಟಲು ಸರಿಮಾಡಿಕೊಂಡರು. “ನಿಮ್ಮ ತಮ್ಮ ನಾಳೆ ಬರೋದು ಬೇಡ.”

“ಬರ್ತಾನೆ. ಒಂದು ತಿಂಗಳು ಆ ಬೆಂಚಿನ ಮೇಲೆ ಎಲ್ಲರ ಕಣ್ಣೆದುರು ಕೂರಿಸಿದ್ರಿ. ಅವನು ಕಳ್ಳನಲ್ಲ ಅಂತ ಅದೇ ಬೆಂಚಿನ ಮುಂದೆ, ಅಷ್ಟೇ ಜನರಿಗೆ ಕೇಳೋ ಹಾಗೆ ನೀವೇ ಹೇಳಬೇಕು.”

ಇನ್ಸ್‌ಪೆಕ್ಟರ್ ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. “ಆಯ್ತಮ್ಮ. ಹೇಳ್ತೀನಿ.”

ಕಾರು ಠಾಣೆಗೆ ಹೋಗಬೇಕಿತ್ತು. ಸ್ಟೀರಿಂಗ್ ಹಿಡಿದು ಅವರೇ ಕೂತರು. ಪಕ್ಕದ ಬಾಗಿಲನ್ನು ಬೆರಳಗಲ ಎತ್ತಿ ಹಾಕಿಕೊಂಡು ಬ್ರೇಕಕ್ಕ ತನ್ನ ಜಾಗದಲ್ಲಿ ಕೂತಳು. ಇನ್ಸ್‌ಪೆಕ್ಟರ್ ಅವಸರದಲ್ಲಿ ಕ್ಲಚ್ ಬಿಟ್ಟರು. ಕಾರು ಮುಗ್ಗರಿಸಿ ಆಫ್ ಆಯಿತು.

“ಪರವಾಗಿಲ್ಲ ಸರ್,” ಎಂದಳು. “ಮತ್ತೆ ಶುರು ಮಾಡಿ. ಈ ಸಲ ಹೊರಡೋ ಮೊದಲು ಸುತ್ತ ಒಮ್ಮೆ ನೋಡಿ.”